ಕಸ್ತೂರಮ್ಮನ ಆಷಾಢ

ಹರಿಹರದ ಕಸ್ತೂರಮ್ಮನವರು ಜೀವಮಾನದಲ್ಲಿ ಎಂದೂ ಆಷಾಢವನ್ನು ಲೆಕ್ಕಕ್ಕೆ ಇಟ್ಟವರಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತಮೂರು ವರ್ಷ ನರ್ಸ್ ಆಗಿದ್ದವರಿಗೆ ಆಷಾಢವೇನು, ಅಮಾವಾಸ್ಯೆಯೇನು? ಹೆರಿಗೆಗೆ ಬರುವವರು ಪಂಚಾಂಗ ನೋಡಿಕೊಂಡು ಬರುತ್ತಾರೆಯೇ? ಅಂಥ ಕಸ್ತೂರಮ್ಮ, ಮಗನ ಮದುವೆಯಾದ ಆರನೇ ದಿನ ದಾವಣಗೆರೆಯ ಬೀಗರಿಗೆ ಫೋನ್ ಮಾಡಿದರು. "ಆಷಾಢ ಹುಟ್ಟೋದ್ರೊಳಗೆ ವಾಣಿನ ಕರ್ಕೊಂಡು ಹೋಗ್ರಿ. ತಿಂಗಳು ಪೂರ್ತಿ ಅಲ್ಲೇ ಇರ್ಲಿ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರ್ದು ನೋಡ್ರಿ, ನಮ್ಮನ್ಯಾಗೆ ಇದೆಲ್ಲ ಭಾಳ ಕಟ್ಟುನಿಟ್ಟು," ಎಂದರು. ಪಕ್ಕದಲ್ಲೇ ಕೂತಿದ್ದ ಮಗ ಬಕ್ಕೇಶ ಬಾಯಿಗೆ ಒಯ್ಯುತ್ತಿದ್ದ ರೊಟ್ಟಿ ತುಣುಕನ್ನು ತಟ್ಟೆಗೇ ಇಳಿಸಿದ.

ಹೊಸದಾಗಿ ಮದುವೆಯಾದ ಹೆಣ್ಣು ಆಷಾಢಕ್ಕೆ ತವರಿಗೆ ಹೋಗುವುದು ಇದ್ದದ್ದೇ. ಆದರೆ ಈಗೀಗ ಎಲ್ಲರೂ ಮೂರು ದಿನ ಕಳಿಸಿ ಶಾಸ್ತ್ರ ಮುಗಿಸುತ್ತಾರೆ. ತಿಂಗಳು ಪೂರ್ತಿ ಎಂದರೆ ಏನರ್ಥ ಎಂದು ಬಕ್ಕೇಶನಿಗೆ ತಿಳಿಯಲಿಲ್ಲ. ಕೇಳಲು ನಾಚಿಕೆ. ಮದುವೆಯಾಗಿ ವಾರವೂ ಆಗಿರದ ಗಂಡು ಹೆಂಡತಿಯನ್ನು ಯಾಕೆ ಕಳಿಸುತ್ತೀಯ ಎಂದು ತಾಯಿಯನ್ನು ಹೇಗೆ ತಾನೇ ಕೇಳಿಯಾನು? ಸುಮ್ಮನೆ ತನ್ನ ಪಂಪ್‌ಸೆಟ್ ಅಂಗಡಿಗೆ ಹೋದ.

ಒಳಗಿನ ವಿಷಯ ಬೇರೆಯೇ ಇತ್ತು. ವಾಣಿ ಡಾಕ್ಟರು. ದಾವಣಗೆರೆಯಲ್ಲೇ ಎಂ.ಬಿ.ಬಿ.ಎಸ್. ಓದಿ, ಮಾರ್ಚ್‌ನಲ್ಲಿ ಇಂಟರ್ನ್‌ಶಿಪ್ ಮುಗಿಸಿದವಳು. ಮಕ್ಕಳ ಡಾಕ್ಟರಾಗಬೇಕೆಂಬುದು ಅವಳ ಆಸೆ. ಅದಕ್ಕೆ ಪಿ.ಜಿ. ಸೀಟು ಬೇಕು, ಸೀಟಿಗೆ ಒಳ್ಳೆಯ ರ‍್ಯಾಂಕು ಬೇಕು, ರ‍್ಯಾಂಕಿಗೆ ನೀಟ್ ಪಿ.ಜಿ. ಪರೀಕ್ಷೆ ಬರೆಯಬೇಕು. ಅದು ವರ್ಷಕ್ಕೊಂದೇ ಸಲ. ದೇಶದ ಎರಡು ಲಕ್ಷಕ್ಕೂ ಹೆಚ್ಚು ಡಾಕ್ಟರುಗಳು ಒಂದೇ ದಿನ ಕೂತು ಬರೆಯುತ್ತಾರೆ. ಈ ಸಲ ಪರೀಕ್ಷೆ ಜೂನ್ ನಡುವಿನ ಭಾನುವಾರ ಎಂದು ಗೊತ್ತಾಗಿತ್ತು. ಎರಡೂ ಮನೆಯವರು ಕೂತು ಯೋಚಿಸಿ, ಪರೀಕ್ಷೆಯಾದ ನಾಲ್ಕನೇ ದಿನಕ್ಕೆ ಮದುವೆ ಇಟ್ಟುಕೊಂಡಿದ್ದರು. ಹುಡುಗಿ ತಲೆ ಹಗುರ ಮಾಡಿಕೊಂಡು ಹಸೆಮಣೆ ಏರಲಿ ಎಂದು.

ಕಾರ್ಡು ಹಂಚಿ ಮುಗಿದ ಮೇಲೆ ಪರೀಕ್ಷೆ ಮುಂದಕ್ಕೆ ಹೋಯಿತು. ಆಗಸ್ಟ್ ಮೊದಲ ಭಾನುವಾರಕ್ಕೆ. ಮದುವೆಯನ್ನು ಹಾಗೆ ಮುಂದಕ್ಕೆ ಹಾಕಲು ಬರುತ್ತದೆಯೇ? ಆಷಾಢದಲ್ಲಿ ಮುಹೂರ್ತವಿಲ್ಲ, ಆಮೇಲೆ ಕಲ್ಯಾಣಮಂಟಪ ಸಿಗುವುದಿಲ್ಲ. ಓದಿ ಮದುವೆಯಾಗಬೇಕಿದ್ದ ಹುಡುಗಿ ಮದುವೆಯಾಗಿ ಓದುವಂತಾಯಿತು.

ವಾಣಿ ಹರಿಹರದ ಮನೆಗೆ ಬರುವಾಗ ಸೀರೆಗಳ ಸೂಟ್‌ಕೇಸಿನ ಜೊತೆ ಪುಸ್ತಕಗಳ ಒಂದು ರಟ್ಟಿನ ಪೆಟ್ಟಿಗೆಯನ್ನೂ ತಂದಿದ್ದಳು. ಕಸ್ತೂರಮ್ಮ ಐದು ದಿನ ನೋಡಿದರು. ಹುಡುಗಿ ಪುಸ್ತಕ ತೆರೆಯುತ್ತಿದ್ದಂತೆ ಮದುಮಗಳನ್ನು ನೋಡಲು ಯಾರಾದರೂ ಬರುತ್ತಿದ್ದರು. ಸೆರಗು ಸರಿಮಾಡಿಕೊಂಡು ಕಾಫಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ತಿರುಗಿ ಬರುವಷ್ಟರಲ್ಲಿ ಇನ್ನೊಬ್ಬರು. ಐದು ದಿನವೂ ಪುಸ್ತಕ ಅದೇ ಪುಟದಲ್ಲಿ ತೆರೆದುಕೊಂಡಿತ್ತು. ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಗಂಡನ ಕಡೆಯಿಂದ ಕಸ್ತೂರಮ್ಮನವರಿಗೆ ಮೂವರು ನಾದಿನಿಯರು, ಮೂವರಿಗೂ ಬಾಯಿ ಜೋರು. ಸೊಸೆ ಓದಬೇಕು, ಯಾರೂ ಬರಬೇಡಿ ಎಂದರೆ ಊರು ತುಂಬ ಹೇಳಿಕೊಂಡು ಬರುವಂಥವರು. ಶಾಸ್ತ್ರ ಎಂದರೆ ಮಾತ್ರ ಮೂವರೂ ತೆಪ್ಪಗಾಗುತ್ತಾರೆ. ಆಗ ಕಸ್ತೂರಮ್ಮನವರಿಗೆ ಆಷಾಢ ನೆನಪಾಯಿತು. ತವರುಮನೆ, ತನ್ನದೇ ಕೋಣೆ, ತಾಯಿಯ ಅಡುಗೆ, ಹುಡುಗಿ ಕದ ಹಾಕಿಕೊಂಡು ಓದುತ್ತಾಳೆ ಎಂದು ಲೆಕ್ಕ ಹಾಕಿ, ತಮ್ಮ ಜಾಣತನಕ್ಕೆ ತಾವೇ ಮೆಚ್ಚಿಕೊಂಡರು. ಮಾತು ಎಲ್ಲಿಂದ ಎಲ್ಲಿಗೋ ಹೋದೀತೆಂದು ಒಳಗಿನ ವಿಷಯವನ್ನು ಬೀಗರಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ವಾಣಿಗೂ ಹೇಳಲಿಲ್ಲ. ತಪ್ಪಾದದ್ದು ಅಲ್ಲಿ.

ಎರಡನೇ ಭಾನುವಾರ ಬಕ್ಕೇಶ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದ. ಅಂಗಿಯಿಂದ ಘಮ್ಮೆನ್ನುವ ಬೆಣ್ಣೆಯ ವಾಸನೆ.

"ದಾವಣಗೆರೆಗೆ ಹೋಗಿದ್ದ್ಯಾ?"

"ಪೈಪ್ ತರಾಕೆ ಹೋಗಿದ್ದೆ ಅವ್ವ."

"ಭಾನುವಾರ ಯಾವನೋ ಪೈಪಿನ ಅಂಗಡಿ ತೆಗೆದಿರ್ತಾನೆ? ಆಷಾಢದಾಗೆ ಗಂಡ ಹೆಂಡ್ತಿ ಮುಖ ನೋಡಬಾರ್ದು, ದೋಸೆ ತಿನ್ನಬೌದಾ?" ಎಂದು ಕಸ್ತೂರಮ್ಮ ನಗುತ್ತಲೇ ಕೇಳಿದರು. "ಹೆಂಗದಾಳೆ? ಓದ್ತಿದಾಳಾ?"

ಬಕ್ಕೇಶ ನಗಲಿಲ್ಲ. "ಈ ವರ್ಷ ಬರೆಯಲ್ಲಂತೆ ಅವ್ವ. ಮುಂದಿನ ವರ್ಷ ನೋಡೋಣ ಅಂದ್ಲು."

"ಯಾಕ? ಯಾರು ಬ್ಯಾಡ ಅಂದೋರು?"

"ಯಾರೂ ಬ್ಯಾಡ ಅಂದಿಲ್ಲ. ದಿನಕ್ಕೊಬ್ರು ಮದುಮಗಳಿಗೆ ಊಟಕ್ಕೆ ಕರೀತಾರೆ. ಹತ್ತೊಂಬತ್ತು ಮನೆ ಲೆಕ್ಕ ಐತಂತೆ. ರೇಷ್ಮೆ ಸೀರೆ ಉಟ್ಟು ಹೋಗ್ಬೇಕು, ಹೋಳಿಗೆ ತಿನ್ಬೇಕು, ಉಡಿ ತುಂಬಿಸ್ಕೊಂಡು ಬರೋಹೊತ್ತಿಗೆ ನಾಕು ಗಂಟೆ. ಆಮೇಲೆ ನಿದ್ದೆ ಬರ್ದೆ ಇರ್ತೈತಾ? ಬ್ಯಾಡ ಅಂತ ಅವರಮ್ಮಗೆ ಹೇಳಿದ್ರೆ, 'ನಿಮ್ಮತ್ತೆ ಶಾಸ್ತ್ರ ಅಂದ್ರೆ ಭಾಳ ಕಟ್ಟುನಿಟ್ಟು, ಒಂದು ಮನೆ ಬಿಟ್ರೂ ನನ್ನ ಬೈತಾರೆ' ಅಂತಾರಂತೆ." ಅವನು ಚಪ್ಪಲಿ ಬಿಡುತ್ತ, ತಲೆ ತಗ್ಗಿಸಿಯೇ ಮುಂದಿನದನ್ನು ಹೇಳಿದ. "ನಿಮ್ಮವ್ವಗೆ ನಾನು ಮನ್ಯಾಗಿರೋದು ಬ್ಯಾಡಾಗಿತ್ತೇನೋ ಅಂತ ಅತ್ಲು."

ಕಸ್ತೂರಮ್ಮ ಅಡುಗೆಮನೆಯ ಮಣೆಯ ಮೇಲೆ ಹಾಗೇ ಕೂತುಬಿಟ್ಟರು. ಅವರ ಎದೆಗೆ ನೇರ ಬಂದು ತಾಗಿದ್ದು ಆ ಅಳುವಿನ ಮಾತು. ಅದರ ಹಿಂದೆಯೇ ಇನ್ನೊಂದು ಭಯ. ಒಂದು ವರ್ಷ ಬಿಟ್ಟರೆ ಓದಿದ್ದರಲ್ಲಿ ಅರ್ಧ ಮರೆತುಹೋಗುತ್ತದೆ, ಅಷ್ಟರಲ್ಲಿ ಹೊಸಬರು ಸಾವಿರಗಟ್ಟಲೆ ಸೇರಿಕೊಳ್ಳುತ್ತಾರೆ. ಮುಂದಿನ ವರ್ಷದ ಹೊತ್ತಿಗೆ ಬಸುರಿಯೋ ಬಾಣಂತಿಯೋ. ಆಮೇಲೆ ಅದರ ಮುಂದಿನ ವರ್ಷ. ಹೀಗೆ ನಿಂತುಹೋದ ಡಾಕ್ಟರಮ್ಮಂದಿರನ್ನು ಕಸ್ತೂರಮ್ಮ ಆಸ್ಪತ್ರೆಯಲ್ಲಿ ಎಷ್ಟು ಜನರನ್ನು ನೋಡಿದ್ದರೋ. ತಮ್ಮ ಜಾಣತನವೇ ಸೊಸೆಯ ಕಾಲಿಗೆ ಹಗ್ಗವಾಯಿತಲ್ಲ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಮೊದಮೊದಲ ಬಸ್ಸೊಂದರಲ್ಲಿ ಕಿಟಕಿ ಪಕ್ಕ ಕೂತು ದಾವಣಗೆರೆಗೆ ಹೊರಟರು. ಹೊರಡುವ ಮೊದಲು ಒಂದು ಫೋನ್ ಮಾಡಿದ್ದರು, ಅಲ್ಲಿನ ಎಸ್.ಎಸ್. ಬಡಾವಣೆಯ ಮಾಬೂಬೀಗೆ. ಇಬ್ಬರೂ ಇಪ್ಪತ್ತು ವರ್ಷ ಒಂದೇ ವಾರ್ಡಿನಲ್ಲಿ ಕೆಲಸ ಮಾಡಿದವರು, ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಮಾಬೂಬೀಯ ಮನೆಯ ಮೇಲೆ ಬಾಡಿಗೆಗೆ ಕೊಡುವ ಒಂದು ರೂಮು ಖಾಲಿ ಇತ್ತು.

ಬೀಗರ ಮನೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಕಸ್ತೂರಮ್ಮ ಗೇಟಿನ ಹೊರಗೆ, ರಸ್ತೆಯಲ್ಲೇ ನಿಂತು ಕೂಗಿದರು. ವಾಣಿಯ ತಾಯಿ ಆಶಾರಾಣಿ ಹೊರಗೆ ಬಂದು ನೋಡಿ ಗಾಬರಿಯಾದರು. ಆಷಾಢದಲ್ಲಿ ಬೀಗತಿ, ಅದೂ ಇಂಥ ಬೀಗತಿ, ಹೇಳದೆ ಕೇಳದೆ!

"ಅಕ್ಕಾರೆ! ಬರ್ರಿ ಬರ್ರಿ, ಒಳಗ ಬರ್ರಿ. ಯಾಕ ಅಲ್ಲೇ ನಿಂತ್ರಿ?"

"ಒಳಗ ಬರಂಗಿಲ್ರಿ, ಆಷಾಢ ಐತೆ. ವಾಣಿನ ಇಲ್ಲಿಗೆ ಕಳಸ್ರಿ. ಅವಳ ಪುಸ್ತಕದ ಪೆಟ್ಗೆನೂ ತರ್ಸ್ರಿ."

ವಾಣಿ ಬಂದಳು. ಬೆಳಿಗ್ಗೆ ಒಂಬತ್ತಕ್ಕೇ ಜರಿಸೀರೆ, ಜಡೆ ತುಂಬ ಮಲ್ಲಿಗೆ. ಆ ದಿನ ದೊಡ್ಡಮ್ಮನ ಮನೆಯ ಸರದಿ. ಕಣ್ಣ ಕೆಳಗೆ ಮಾತ್ರ ಕಪ್ಪು. ಅತ್ತೆ ಯಾವ ತಪ್ಪು ಹುಡುಕಲು ಬಂದಿದ್ದಾರೋ ಎನ್ನುವಂತೆ ಗೇಟಿನ ಒಳಗೇ ನಿಂತಳು.

"ಪರೀಕ್ಷೆ ಬರೆಯಲ್ಲ ಅಂದೆಂತೆ?"

"ಈ ವರ್ಷ ಬ್ಯಾಡ ಬಿಡ್ರಿ ಅತ್ತೆ. ಇನ್ನು ಇಪ್ಪತ್ತೇಳು ದಿನ ಐತೆ, ಓದಿದ್ದು ಏನೂ ಇಲ್ಲ. ಸುಮ್ನೆ ಬರೆದು ಕೆಟ್ಟ ರ‍್ಯಾಂಕ್ ತಗೊಳೋ ಬದ್ಲು..." ಜಡೆಯ ಮಲ್ಲಿಗೆಯನ್ನು ಹಿಂದಕ್ಕೆ ತಳ್ಳಿದಳು. "ನಿಮ್ಮ ಶಾಸ್ತ್ರನೂ ಮುಗೀಲಿ."

"ಯಾವ ಶಾಸ್ತ್ರನವ್ವಾ?" ಕಸ್ತೂರಮ್ಮ ಗೇಟಿನ ಸರಳು ಹಿಡಿದುಕೊಂಡರು. ಮೂವತ್ತಮೂರು ವರ್ಷ ರೋಗಿಗಳನ್ನೂ ಡಾಕ್ಟರುಗಳನ್ನೂ ಗದರಿಸಿದ ಗಂಟಲು ಅದು; ಸೋತು ಮಾತಾಡಿ ರೂಢಿಯಿಲ್ಲ. "ನಾನು ಶಾಸ್ತ್ರ ಅಂದಿದ್ದೇ ಸುಳ್ಳು. ನಮ್ಮನ್ಯಾಗೆ ನಿಂಗೆ ಓದಾಕೆ ಬಿಡ್ತಿದ್ದಿಲ್ಲ ಜನ. ತವರಾಗಾದ್ರೂ ಓದ್ಲಿ ಅಂತ ಕಳಿಸ್ದೆ. ಬಾಯಿ ಬಿಟ್ಟು ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾತು."

ವಾಣಿ ಅತ್ತೆಯ ಮುಖವನ್ನೇ ನೋಡಿದಳು. ಹಿಂದೆ ನಿಂತಿದ್ದ ಆಶಾರಾಣಿ, "ಅಯ್ಯೋ ಅಕ್ಕಾರೆ, ನಾನು ನಿಮಗೆ ಹೆದರಿ ಇಷ್ಟೆಲ್ಲ ಮಾಡಿದ್ನಲ್ರಿ!" ಎಂದು ಹಣೆ ಹಣೆ ಬಡಿದುಕೊಂಡರು. ಮೂವರಿಗೂ ನಗು ಬಂತು. ನಗುತ್ತಿದ್ದಂತೆ ವಾಣಿ ಗೇಟಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ಕಸ್ತೂರಮ್ಮ ಹೊರಗಿನಿಂದಲೇ ಅವಳ ತಲೆ ಸವರಿದರು, ಮಲ್ಲಿಗೆ ಉದುರದಂತೆ ಬಲು ನಾಜೂಕಾಗಿ.

ಹತ್ತು ನಿಮಿಷದಲ್ಲಿ ಸೀರೆ ಬದಲಾಯಿತು. ಪೆಟ್ಟಿಗೆ ಆಟೋ ಹತ್ತಿತು.

ಮಾಬೂಬೀಯ ಮೇಲಿನ ರೂಮಿಗೆ ಮೆಟ್ಟಿಲು ಹೊರಗಿನಿಂದ. ಒಂದು ಮೇಜು, ಒಂದು ಕುರ್ಚಿ, ಒಂದು ಮಂಚ. ವಾಣಿ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ತವರಿಗೆ ಮರಳುವುದು ಎಂದಾಯಿತು. ಕಸ್ತೂರಮ್ಮ ದಿನಾ ಹರಿಹರದಿಂದ ಬಸ್ಸಿನಲ್ಲಿ ಬಂದು ರೂಮಿನ ಹೊರಗೆ, ಮೇಲಿನ ಮೆಟ್ಟಿಲ ಮೇಲೆ ಒಂದು ಚೀಲ ಮಡಚಿ ಹಾಕಿಕೊಂಡು ಕೂರುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ.

"ಅಕ್ಕಾ, ನೈಟ್ ಡ್ಯೂಟಿನಾಗೆ ಅಮಾಸೆ ಗಿಮಾಸೆ ಅಂದೋಳಲ್ಲ ನೀನು. ಈಗ ಯಾಕ ಈ ನಾಟಕ? ಒಳಗ ಹೋಗಿ ಫ್ಯಾನ್ ಕೆಳಗೆ ಕೂಡು," ಎಂದು ಮಾಬೂಬೀ ಗದರಿದರು.

"ಊರಿಗೆಲ್ಲ ಶಾಸ್ತ್ರ ಅಂತ ಸಾರಿದೀನಿ. ನಾನೇ ಹೊಸ್ತಿಲು ದಾಟಿದ್ರೆ ನಾದಿನಿಗಳು ಸುಮ್ನಿರ್ತಾರಾ? ಇಲ್ಲಿ ಕೂತ್ರೆ ಇನ್ನೊಂದು ಲಾಭ, ನನ್ನ ದಾಟ್ಕೊಂಡು ಯಾರೂ ಮೇಲೆ ಹೋಗಂಗಿಲ್ಲ."

ಮಾತು ನಿಜವಾಯಿತು. ಮೊದಲ ದಿನವೇ ಹುಡುಕಿಕೊಂಡು ಬಂದ ದೊಡ್ಡಮ್ಮ ಮೂರನೇ ಮೆಟ್ಟಿಲಿಗೇ ಹಿಂದಿರುಗಿದರು. ಊಟಕ್ಕೆ ಕರೆಯುವ ಉಳಿದ ಮನೆಯವರಿಗೆ ಆಶಾರಾಣಿ ಒಂದು ಉಪಾಯ ಹೇಳಿದರು: ಹುಡುಗಿ ಬರುವುದಿಲ್ಲ, ನಿಮ್ಮ ಅಡುಗೆ ಬರಲಿ. ದಿನಕ್ಕೊಂದು ಮನೆಯ ಟಿಫಿನ್ ಕ್ಯಾರಿಯರ್ ಎಸ್.ಎಸ್. ಬಡಾವಣೆಗೆ ಬಂದಿಳಿಯತೊಡಗಿತು. ಹೋಳಿಗೆ ತಿಂದರೆ ನಿದ್ದೆ ಬರುತ್ತದೆಂದು ವಾಣಿ ಅನ್ನ ಸಾರಿಗೇ ನಿಲ್ಲಿಸುತ್ತಿದ್ದಳು. ಹೋಳಿಗೆಯ ಜವಾಬ್ದಾರಿಯನ್ನು ಕಸ್ತೂರಮ್ಮ, ಮಾಬೂಬೀ ಮೆಟ್ಟಿಲ ಮೇಲೆ ಕೂತು ಹೊತ್ತುಕೊಂಡರು. ತಿಂಗಳು ಮುಗಿಯುವಷ್ಟರಲ್ಲಿ ಇಬ್ಬರ ರವಿಕೆಗಳೂ ಬಿಗಿಯಾದವು.

ಪರೀಕ್ಷೆಯಲ್ಲಿ ಇನ್ನೂರು ಪ್ರಶ್ನೆ, ಐದು ಭಾಗ. ಒಂದೊಂದು ಭಾಗಕ್ಕೆ ನಲವತ್ತೆರಡು ನಿಮಿಷ. ಸಮಯ ಮುಗಿದರೆ ಆ ಭಾಗ ಮುಚ್ಚಿಹೋಗುತ್ತದೆ, ತಿರುಗಿ ನೋಡಲು ಬರುವುದಿಲ್ಲ. ವಾಣಿಯ ತೊಂದರೆ ಅದೇ ಆಗಿತ್ತು. ಗೊತ್ತಿಲ್ಲದ ಪ್ರಶ್ನೆಯ ಮುಂದೆ ಕೂತುಬಿಡುತ್ತಿದ್ದಳು, ಗೊತ್ತಿದ್ದವು ಹಿಂದೆ ಉಳಿಯುತ್ತಿದ್ದವು. ಕಸ್ತೂರಮ್ಮನವರಿಗೆ ಆ ಪ್ರಶ್ನೆಗಳಲ್ಲಿ ಹತ್ತರಲ್ಲಿ ಒಂದೂ ತಿಳಿಯದು; ಆದರೆ ಗಡಿಯಾರ ನೋಡಲು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾಡಿ ಎಣಿಸಿ, ಡ್ರಿಪ್ಪಿನ ಹನಿ ಎಣಿಸಿ ಪಳಗಿದ ಕಣ್ಣು. ಬಾಗಿಲಾಚೆಯಿಂದ ಕೂಗುತ್ತಿದ್ದರು, "ಇಪ್ಪತ್ತು ನಿಮಿಷ ಆತು ವಾಣಿ. ಅರ್ಧ ದಾಟಿದ್ಯಾ?" "ಇಲ್ಲ ಅತ್ತೆ." "ಹಂಗಾದ್ರೆ ಅದನ್ನ ಬಿಡು. ಸೀರಿಯಸ್ ಕೇಸ್ ಒಂದೇ ಹಿಡ್ಕೊಂಡು ಕೂತ್ರೆ ವಾರ್ಡಿನಾಗಿರೋ ಉಳಿದೋರು ಏನಾಗ್ಬೇಕು? ಮುಂದಿನ ಬೆಡ್ಡಿಗೆ ನಡಿ."

ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ಇನ್ನೂರಕ್ಕೆ ತೊಂಬತ್ತೆಂಟು ಸರಿ ಬಂದವು. ಎರಡನೇ ವಾರ ನೂರಿಪ್ಪತ್ತಾರು. ಒಂದು ದಿನ ಇಳಿದು ನೂರಹತ್ತು ಬಂದಾಗ ವಾಣಿ ಪೆನ್ನು ಎಸೆದು, ಬಾಗಿಲಿಗೆ ಬಂದು ಹೊಸ್ತಿಲ ಒಳಗೆ ಕೂತಳು. ಹೊರಗೆ ಮೆಟ್ಟಿಲ ಮೇಲೆ ಕಸ್ತೂರಮ್ಮ. ಸಣ್ಣಗೆ ಮಳೆ ಹನಿಯುತ್ತಿತ್ತು, ಅವರು ಕೊಡೆ ಹಿಡಿದಿದ್ದರು.

"ಮುಂದಿನ ವರ್ಷ ಆದ್ರೆ ಸರಿಯಾಗಿ ಓದಿ ಬರೀಬೌದು ಅತ್ತೆ. ನೀವೂ ಹಿಂಗೆ ಮಳ್ಯಾಗೆ ಕೂಡೋದು ತಪ್ಪುತೈತೆ."

ಕಸ್ತೂರಮ್ಮ ಕೊಡೆಯನ್ನು ಅವಳ ಕಡೆಗೆ ಬಾಗಿಸಿದರು. ಆಮೇಲೆ ಮಳೆಯನ್ನು ನೋಡುತ್ತ ಹೇಳಿದರು: "ನಂಗೂ ಒಂದು ಸಲ ಬಂದಿತ್ತವ್ವ. ಎರಡು ವರ್ಷದ ಟ್ರೈನಿಂಗು. ಮುಗಿಸಿದ್ರೆ ನರ್ಸಿಂಗ್ ಸ್ಕೂಲಿನಾಗೆ ಪಾಠ ಹೇಳ್ಬೌದಿತ್ತು. ನಂಗೆ ಪಾಠ ಹೇಳೋದಂದ್ರೆ ಭಾಳ ಆಸೆ. ಮನ್ಯಾಗೆ ಯಾರೂ ಬ್ಯಾಡ ಅನ್ಲಿಲ್ಲ, ಸುಳ್ಳು ಹೇಳಬಾರ್ದು. ನಿಮ್ಮ ಮಾವನೋರು ಅಪ್ಲಿಕೇಶನ್ ತಾವೇ ತಂದು ಕೊಟ್ರು. ಸಣ್ಣ ನಾದಿನಿ ಮದುವೆ ಇತ್ತು ಆ ವರ್ಷ. ನಾನೇ ಅಂದೆ, ಇದೊಂದು ಮುಗೀಲಿ, ಮುಂದಿನ ವರ್ಷ ಹೋಗ್ತೀನಿ ಅಂತ. ಮುಂದಿನ ವರ್ಷ ಬಕ್ಕೇಶ ಹುಟ್ದ. ಅದರ ಮುಂದಿನ ವರ್ಷ ವಯಸ್ಸು ಮೀರ್ತು ಅಂದ್ರು." ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ಯಾರಾದ್ರೂ ಬ್ಯಾಡ ಅಂದಿದ್ರೆ ಜಗಳಾನಾದ್ರೂ ಮಾಡ್ತಿದ್ದೆ ನೋಡು. ಎಲ್ಲಾರೂ ಒಳ್ಳೇರಾಗಿದ್ರು."

ವಾಣಿ ಹೊಸ್ತಿಲಾಚೆಗೆ ಕೈ ಚಾಚಿ ಅತ್ತೆಯ ಒದ್ದೆ ಮೊಣಕಾಲಿನ ಮೇಲಿಟ್ಟಳು. ಆಮೇಲೆ ಎದ್ದು ಹೋಗಿ ಪೆನ್ನು ಹುಡುಕಿದಳು. "ಟೈಮ್ ನೋಡ್ರಿ ಅತ್ತೆ," ಎಂದಳು ಒಳಗಿನಿಂದ.

ಶ್ರಾವಣ ಹುಟ್ಟಿತು. ಹೊಸ್ತಿಲಿನ ತಂಟೆ ಹೋಯಿತು, ಕಸ್ತೂರಮ್ಮ ಮೊದಲ ಸಲ ರೂಮಿನೊಳಗೆ ಬಂದು ಫ್ಯಾನಿನ ಕೆಳಗೆ ಕೂತರು. ಒಂದು ಗಂಟೆ ಕೂತು, ಇಲ್ಲಿ ಗಾಳಿಯೇ ಇಲ್ಲವೆಂದು ಮತ್ತೆ ಮೆಟ್ಟಿಲಿಗೇ ಹೋದರು. ಪಂಚಮಿ ಹಬ್ಬ ಬಂತು. ಹತ್ತೊಂಬತ್ತು ಮನೆಯಿಂದಲೂ ಉಂಡಿಯ ಡಬ್ಬಿಗಳು ಬಂದವು. ಕೊನೆಯ ಅಭ್ಯಾಸದಲ್ಲಿ ನೂರ ನಲವತ್ತೊಂಬತ್ತು ಸರಿ ಬಂದವು. ವಾಣಿ ಅದನ್ನು ಹೇಳಿದಾಗ ಮಾಬೂಬೀ ಕೆಳಗಿನಿಂದಲೇ, "ಮಾಷಾ ಅಲ್ಲಾ ಬೇಟಿ!" ಎಂದು ಕೂಗಿದರು.

ಪರೀಕ್ಷೆಯ ಕೇಂದ್ರ ಊರಾಚೆ, ಹೆದ್ದಾರಿ ಪಕ್ಕದ ಒಂದು ಕಾಲೇಜು. ಒಂಬತ್ತಕ್ಕೆ ಪರೀಕ್ಷೆ, ಎಂಟೂವರೆಗೆ ಗೇಟು ಮುಚ್ಚುತ್ತದೆ. ವಾಣಿಯ ತಂದೆ ಕೊಟ್ಟೂರೇಶಪ್ಪ ಎಲ್ಲರನ್ನೂ ಕಾರಿನಲ್ಲಿ ಕರೆತಂದಿದ್ದರು: ಆಶಾರಾಣಿ, ಬಕ್ಕೇಶ, ಕಸ್ತೂರಮ್ಮ. ಆಭರಣ ಯಾವುದೂ ಕೂಡದು ಎಂದು ಪ್ರವೇಶಪತ್ರದಲ್ಲಿ ಬರೆದಿತ್ತು. ಮದುವೆಯ ಹಸಿರು ಬಳೆಗಳನ್ನು ಮನೆಯಲ್ಲೇ ಸೋಪು ಹಚ್ಚಿ ತೆಗೆದಾಗ ಆಶಾರಾಣಿ ಒಂದು ಸಲ ಅತ್ತಿದ್ದರು. ಓಲೆ, ಕಾಲುಂಗುರ ಕಾರಿನಲ್ಲಿ ತೆಗೆದದ್ದಾಯಿತು. ತಾಳಿಗೆ ಯಾರೂ ಏನೂ ಅನ್ನುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು.

ಗೇಟಿನಲ್ಲಿದ್ದ ಹೆಂಗಸು ತಡೆದಳು. "ಯಾವ ಸರಾನೂ ಬಿಡಂಗಿಲ್ಲಮ್ಮ. ನಂಗೂ ಕೊರಳಾಗೆ ಐತೆ, ನಂಗೂ ತಿಳೀತೈತೆ. ಆದ್ರೆ ಒಳಗಿನ ಮೆಷಿನ್ ಬಡ್ಕೊಳ್ತೈತೆ. ತೆಗೆದು ಬಾ, ಲಗೂನ ಬಾ."

ಎಂಟೂ ಕಾಲು. ವಾಣಿ ಓಡಿ ಬಂದಳು. ಆಶಾರಾಣಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು. "ನನ್ನ ಕೈಲಿ ಆಗಂಗಿಲ್ಲ. ಮದುವೆಯಾಗಿ ಎರಡು ತಿಂಗಳಾಗಿಲ್ಲ, ಮೊದಲ್ನೇ ಶ್ರಾವಣ..." ಬಕ್ಕೇಶ ಮುಂದೆ ಬಂದ. "ನಾನು ತೆಗೀಲಾ?" "ಕಟ್ಟಿದ ಕೈ ಬಿಚ್ಚಬಾರ್ದಪ್ಪಾ!" ಎಂದು ಆಶಾರಾಣಿ ಚೀರಿದರು. ವಾಣಿ ತಾನೇ ಕತ್ತಿನ ಹಿಂದೆ ಕೈ ಹಾಕಿದಳು. ಅವಸರಕ್ಕೆ ಕೊಂಡಿ ಕೂದಲಿಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಸಿಕ್ಕಾಯಿತು. "ಬಿಡ್ರಿ, ನನ್ನ ಕೈಲಿ ಆಗಲ್ಲ, ಟೈಮ್ ಆಗ್ತೈತೆ," ಎಂದು ಅಳುವ ಹಾಗಾದಳು.

ಕಸ್ತೂರಮ್ಮ 'ತಾಳಿ' ಎಂಬ ಮಾತು ಕಿವಿಗೆ ಬಿದ್ದೊಡನೆ ಅಷ್ಟು ದೂರ ಸರಿದು, ಒಂದು ಗಿಡದ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದರು. ಸರಿಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಪರೇಷನ್ನಿಗೆ ಹೋಗುವ ನೂರಾರು ಹೆಣ್ಣುಮಕ್ಕಳ ತಾಳಿ ಬಿಚ್ಚಿ, ಬಟ್ಟೆಯಲ್ಲಿ ಕಟ್ಟಿ, ಹೆಸರು ಬರೆದಿಟ್ಟ ಕೈ ಅವರದು. ಕೆಲಸದಲ್ಲಿ ಅದಕ್ಕೆ ಲೆಕ್ಕವಿರಲಿಲ್ಲ. ಇಲ್ಲಿ ಸೊಸೆಯ ಕೊರಳು. ತಾವು ಗಂಡ ಸತ್ತವರು. ಶಾಸ್ತ್ರವನ್ನೆಲ್ಲ ನಾಟಕ ಎಂದು ನಗುತ್ತಿದ್ದ ಹೆಂಗಸಿಗೆ ಈ ಒಂದರ ಮುಂದೆ ಮಾತ್ರ ಧೈರ್ಯ ಸಾಲಲಿಲ್ಲ.

"ಅತ್ತೆ, ನೀವು ಬರ್ರಿ," ಎಂದಳು ವಾಣಿ.

"ನನ್ನ ಕೈ ಬ್ಯಾಡವ್ವ."

"ಯಾಕ ಬ್ಯಾಡ? ಮಳೆ ಅನ್ದೆ ಬಿಸ್ಲು ಅನ್ದೆ ಮೆಟ್ಲ ಮೇಲೆ ಕೂತೋರು ನೀವಲ್ಲಾ? ನೀವೇ ತೆಗೀರಿ." ವಾಣಿ ಹತ್ತಿರ ಬಂದು, ಜಡೆ ಮುಂದಕ್ಕೆ ಹಾಕಿಕೊಂಡು, ಅವರೆದುರು ಕತ್ತು ಬಗ್ಗಿಸಿ ನಿಂತಳು.

ಕಸ್ತೂರಮ್ಮ ಆಶಾರಾಣಿಯ ಕಡೆ ನೋಡಲಿಲ್ಲ. ಕೂದಲು ಬಿಡಿಸಿದರು, ಕೊಂಡಿ ತೆಗೆದರು. ಅರೆ ನಿಮಿಷವೂ ಹಿಡಿಯಲಿಲ್ಲ. ತಾಳಿ ಅಂಗೈಗೆ ಬಂದಾಗ ವಾಣಿಯ ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು. ಪರ್ಸಿನಲ್ಲಿ ಇಡಬೇಕೋ, ಮಗನ ಕೈಗೆ ಕೊಡಬೇಕೋ ಎಂದು ನೋಡುತ್ತಿದ್ದಾಗಲೇ ವಾಣಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ಅವರ ಕೊರಳಿಗೇ ಹಾಕಿ, ಕೊಂಡಿ ಸಿಗಿಸಿದಳು. "ನಾನು ಬರೋ ತನಕ ಇಲ್ಲಿರ್ಲಿ," ಎಂದು ಓಡಿದಳು. ಅವಳು ಒಳಗೆ ಹೋದ ಮೇಲೆ ಗೇಟು ಮುಚ್ಚಿತು.

ಅವಳಿಗೆ ಆಮೇಲೆ ಮಕ್ಕಳ ವಿಭಾಗದಲ್ಲೇ ಸೀಟು ಸಿಕ್ಕಿತು, ಬಳ್ಳಾರಿಯಲ್ಲಿ. ಕಥೆ ಓದುವವರಿಗೆ ಆ ಚಿಂತೆ ಬೇಡವೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು. ಆ ಬೆಳಿಗ್ಗೆ ಕಸ್ತೂರಮ್ಮನವರಿಗೆ ಅದು ಗೊತ್ತಿರಲಿಲ್ಲ. ಗಿಡದ ಕೆಳಗಿನ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದರು. ಹನ್ನೊಂದು ವರ್ಷ ಬರಿದಾಗಿದ್ದ ಕೊರಳಿಗೆ ಅದರ ಭಾರ ಹೆಚ್ಚಾಗಿಯೇ ತಿಳಿಯುತ್ತಿತ್ತು. ಕೈ ತಾನಾಗಿ ಸೆರಗಿಗೆ ಹೋಗಿ ಅದನ್ನು ಮುಚ್ಚುತ್ತಿತ್ತು. ಜೊತೆಗೇ ಅವರಿಗೆ ಹೇಳಲಾರದಷ್ಟು ಸುಖವೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಹುಡುಗಿ ಚೆನ್ನಾಗಿ ಬರೆಯದಿದ್ದರೆ ಈ ಕೈಯಿಂದಲೇ ಆಯಿತು ಎನ್ನುತ್ತಾರೆ. ಅವಳ ತಾಯಿಯೇ ಹಾಗೆ ಅಂದುಕೊಳ್ಳುತ್ತಿರಬಹುದು.

ಆಶಾರಾಣಿ ಕಾರಿನಲ್ಲೇ ಕೂತಿದ್ದರು. ಒಂದು ಗಂಟೆಯ ಮೇಲೆ ಫ್ಲಾಸ್ಕು ಹಿಡಿದು ಇಳಿದು ಬಂದರು. ಒಂದು ಲೋಟ ಚಹಾ ಬಗ್ಗಿಸಿ ಕೊಟ್ಟು, ಕಟ್ಟೆಯ ಇನ್ನೊಂದು ತುದಿಗೆ ಕೂತರು. ಸುತ್ತ ಬೇರೆ ಮಕ್ಕಳ ತಂದೆತಾಯಿಗಳು ಪೇಪರ್ ಹಾಸಿಕೊಂಡು ಕೂತಿದ್ದರು. ಕಸ್ತೂರಮ್ಮನವರ ಕುಂಕುಮವಿಲ್ಲದ ಹಣೆಯನ್ನೂ ಕೊರಳನ್ನೂ ನೋಡಿ ಒಬ್ಬ ಹೆಂಗಸು ಪಕ್ಕದವಳಿಗೆ ಏನೋ ಪಿಸುಗುಟ್ಟಿದಳು. ಆಶಾರಾಣಿ ಆಕೆಯನ್ನು ದುರುಗುಟ್ಟಿ ನೋಡಿದರು. ಆಮೇಲೆ ಸ್ವಲ್ಪ ಹತ್ತಿರಕ್ಕೆ ಸರಿದು ಕೂತರು.

"ಬರೀತಾಳೇನ್ರಿ ಅಕ್ಕಾರೆ?" ಎಂದರು ಹತ್ತೂವರೆಯ ಹೊತ್ತಿಗೆ, ಇನ್ನೊಂದು ಲೋಟ ಬಗ್ಗಿಸುತ್ತ.

"ಬರೀತಾಳೆ. ಈಗ ಮೂರನೇ ಭಾಗ ನಡೆದಿರ್ತೈತೆ."

ಹನ್ನೆರಡೂವರೆ ದಾಟಿದ ಮೇಲೆ ಗೇಟು ತೆರೆಯಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹುಡುಗ ಹುಡುಗಿಯರು ಹೊರಬಂದರು. ವಾಣಿ ಬಂದಳು. ಗಂಡನನ್ನೂ ತಂದೆಯನ್ನೂ ದಾಟಿ ನೇರ ಕಟ್ಟೆಯ ಹತ್ತಿರ ಬಂದಳು. ಮುಖ ಬಾಡಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. "ಎಲ್ಲಾ ಮುಟ್ಟಿದೆ ಅತ್ತೆ. ಇನ್ನೂರರಾಗೆ ಒಂದೂ ಬಿಟ್ಟಿಲ್ಲ."

"ಅಷ್ಟು ಸಾಕು ಬಿಡವ್ವ," ಎಂದು ಕಸ್ತೂರಮ್ಮ ಎದ್ದರು. ತಮ್ಮ ಕೊರಳಿನಿಂದ ತಾಳಿ ತೆಗೆದು, ಸೆರಗಿನಿಂದ ಒರೆಸಿ, ಆಶಾರಾಣಿಯ ಕಡೆ ಚಾಚಿದರು. "ತಗೊಳ್ರಿ. ಇದನ್ನ ನೀವು ಹಾಕ್ರಿ. ಮುತ್ತೈದೆ ಕೈ."

ಆಶಾರಾಣಿ ತೆಗೆದುಕೊಂಡರು. ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಕಸ್ತೂರಮ್ಮನವರ ಅಂಗೈ ಬಿಡಿಸಿ ಅದನ್ನು ಅಲ್ಲೇ ಇಟ್ಟು, ಬೆರಳು ಮುಚ್ಚಿದರು.

"ನೀವೇ ಹಾಕ್ರಿ ಅಕ್ಕಾರೆ. ಅವಳು ನಿಮ್ಮ ಮುಂದೆ ಕತ್ತು ಬಗ್ಗಿಸಿದ್ಲು, ನಾನು ದೂರ ನಿಂತೆ."

ವಾಣಿ ಜಡೆ ಮುಂದಕ್ಕೆ ಹಾಕಿಕೊಂಡು ತಿರುಗಿ ನಿಂತಳು. ಬೆಳಿಗ್ಗೆ ಅರೆ ನಿಮಿಷದಲ್ಲಿ ಕೆಲಸ ಮುಗಿಸಿದ್ದ ಕಸ್ತೂರಮ್ಮನವರಿಗೆ ಈಗ ಕೊಂಡಿ ಕಾಣಿಸುತ್ತಿರಲಿಲ್ಲ. ಕಣ್ಣು ತುಂಬಿ ಬಂದಿತ್ತು. ಎರಡು ಸಲ ಜಾರಿತು. "ಅವಸರ ಏನಿಲ್ಲ ಅತ್ತೆ, ನಿಧಾನಕ್ಕೆ ಹಾಕ್ರಿ," ಎಂದಳು ವಾಣಿ, ಕತ್ತು ಬಗ್ಗಿಸಿಕೊಂಡೇ. ಮೂರನೇ ಸಲಕ್ಕೆ ಕೊಂಡಿ ಕೂತಿತು.